ಮೂರನೆಯ ಮೀನು

ಅವ್ವ ತೀರಿಕೊಂಡ ಹನ್ನೊಂದನೆಯ ದಿನ ನಮ್ಮಪ್ಪ ನಮಗೆ ಅವ್ವನಾದ. ಬೀಗದ ಕೈ ಗೊಂಚಲನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು, ಅವ್ವ ಕೂರುತ್ತಿದ್ದ ಮಣೆಯ ಮೇಲೆ ಕೂತು, ಮನೆಯ ಮೊದಲ ತುತ್ತನ್ನು ತಾನೇ ತೆಗೆದುಕೊಂಡ. ನೆರೆಹೊರೆಯ ಅವ್ವಂದಿರೆಲ್ಲ ಬಂದು ಅವನ ಮಡಿಲಿಗೆ ಅಕ್ಕಿ ತುಂಬಿ, ಹೊಸ ಅವ್ವನಿಗೆ ಒಳ್ಳೇದಾಗ್ಲಿ ಎಂದು ಹರಸಿ ಹೋದರು. ಅಪ್ಪನ ಮೀಸೆ ಹಾಗೆಯೇ ಇತ್ತು. ಅಣ್ಣ ಭುಜಂಗ ನಮಗೆ ಅಪ್ಪನಾದ. ನಾನು ಮತ್ತು ತಂಗಿ ಸುನಂದೆ ಮಕ್ಕಳಾಗಿಯೇ ಉಳಿದೆವು. ಆಗ ನನಗೆ ಮೂವತ್ತಾರು, ಅವಳಿಗೆ ಮೂವತ್ತೊಂದು. ಕೇಳುವವರಿಗೆ ಗೊಂದಲವಾಗದಿರಲೆಂದು ಈ ಕಥೆಯುದ್ದಕ್ಕೂ ನಾನು ಅಪ್ಪನನ್ನು ಅಪ್ಪನೆಂದೇ ಕರೆಯುತ್ತೇನೆ. ಅವನಿದ್ದಾಗ ಹಾಗೆ ಕರೆದಿದ್ದರೆ ಊರು ಸುಮ್ಮನಿರುತ್ತಿರಲಿಲ್ಲ.

ನಮ್ಮೂರಲ್ಲಿ ಪ್ರತಿ ಮನೆಯ ನಡುಮನೆಯಲ್ಲೂ, ಸೂರಿನ ಗಾಜಿನ ಹೆಂಚಿನಿಂದ ಬಿಸಿಲು ನೇರ ಬೀಳುವ ಜಾಗದಲ್ಲಿ, ಒಂದು ಗಾಜಿನ ತೊಟ್ಟಿ ಇರುತ್ತದೆ. ನಾಲ್ಕು ಕೊಡ ಉಪ್ಪುನೀರು ಹಿಡಿಯುತ್ತದೆ, ಅಷ್ಟೆ. ಎಷ್ಟೇ ದೊಡ್ಡ ಮನೆಯಾದರೂ ತೊಟ್ಟಿ ಅದಕ್ಕಿಂತ ದೊಡ್ಡದಿಲ್ಲ. ಒಳಗೆ ನಾಲ್ಕಾರು ಕಲ್ಲು, ಒಂದು ಕಲ್ಲಿಗೆ ಕಚ್ಚಿಕೊಂಡ ಕಡಲಹೂವು. ಹೆಸರಿಗೆ ಹೂವು, ನಿಜಕ್ಕೆ ಪ್ರಾಣಿ. ಬೆರಳಿನಂಥ ಎಸಳುಗಳನ್ನು ಆಡಿಸುತ್ತ ಕೂತಿರುತ್ತದೆ, ಗೊತ್ತಿಲ್ಲದ ಕೈ ತಾಗಿದರೆ ಚುರುಕ್ಕೆನ್ನಿಸುತ್ತದೆ. ಆ ಎಸಳುಗಳ ನಡುವೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಮೀನುಗಳು, ಮನೆಯಲ್ಲಿ ಎಷ್ಟು ಜನವೋ ಅಷ್ಟು. ಹೊರಗಿನವರು ಅದಕ್ಕೆ ಕೋಡಂಗಿ ಮೀನು ಎನ್ನುತ್ತಾರಂತೆ. ನಗುವಂಥದ್ದು ಅದರಲ್ಲಿ ಏನು ಕಂಡರೋ ಕಾಣೆ.

ಎಲ್ಲಕ್ಕಿಂತ ದೊಡ್ಡದು ಮನೆಯ ಅವ್ವ. ಅದಕ್ಕಿಂತ ಒಂದು ಸುತ್ತು ಸಣ್ಣದು ಅಪ್ಪ. ಉಳಿದವೆಲ್ಲ ಮಕ್ಕಳು, ಒಂದಕ್ಕಿಂತ ಒಂದು ಅಕ್ಕಿಕಾಳಿನಷ್ಟು ಸಣ್ಣವು. ಅವ್ವ ಮೀನು ಸತ್ತರೆ ಅಪ್ಪ ಮೀನು ಹೆಣ್ಣಾಗಿ ಬೆಳೆದು ಅವ್ವನಾಗುತ್ತದೆ, ಮಕ್ಕಳಲ್ಲಿ ಮೊದಲನೆಯದು ಅಪ್ಪನಾಗುತ್ತದೆ, ಮಿಕ್ಕವು ಒಂದೊಂದು ಮೆಟ್ಟಿಲು ಮೇಲೆ ಬಂದೂ ಮಕ್ಕಳಾಗಿಯೇ ಇರುತ್ತವೆ. ಮನೆಯಲ್ಲೂ ಹಾಗೆಯೇ. ಮೀನು ಮೊದಲು ಹೋಯಿತೋ ಮನುಷ್ಯರು ಮೊದಲು ಹೋದರೋ ಎಂದು ನಮ್ಮೂರಲ್ಲಿ ಕೇಳುವುದಿಲ್ಲ. ಶಾಲೆಯ ಪುಸ್ತಕದಲ್ಲಿ ತಾಯಿಯ ಹೆಸರು ವೀರಭದ್ರಯ್ಯ ಎಂದು ಬರೆಸಿದರೆ ಮೇಷ್ಟ್ರು ತಲೆ ಎತ್ತಿ ನೋಡುವುದಿಲ್ಲ. ಮಕ್ಕಳಾದವರಿಗೆ ವಯಸ್ಸು ಎಷ್ಟೇ ಆಗಲಿ ಊಟಕ್ಕೆ ಅರ್ಧ ಸೌಟು. ಇದನ್ನು ಯಾರೂ ಹೊಡೆದು ಬಡಿದು ಮಾಡಿಸುವುದಿಲ್ಲ. ತೊಟ್ಟಿಯಲ್ಲಿ ಸಣ್ಣ ಮೀನು ತಾನಾಗಿಯೇ ಕಡಿಮೆ ತಿಂದು ಸಣ್ಣದಾಗಿರುತ್ತದೆ. ಮೇಲಿನವರಷ್ಟು ಬೆಳೆದರೆ ಹೂವಿನಿಂದ ಓಡಿಸುತ್ತಾರೆಂದು ಅದಕ್ಕೆ ಗೊತ್ತು. ನಮಗೂ ಗೊತ್ತಿತ್ತು.

ಮಕ್ಕಳಿಗೆ ಮದುವೆಯಾಗಬೇಕೆಂದರೆ ಒಂದೇ ದಾರಿ. ಅವ್ವ ತನ್ನ ಕೈಯಾರೆ ಮೀನನ್ನು ಎತ್ತಿ ಮಣ್ಣಿನ ಗಡಿಗೆಗೆ ಬಿಡಬೇಕು, ಕರೆದೊಯ್ಯುವವರು ಆ ಗಡಿಗೆ ಹೊತ್ತು ನಡೆಯಬೇಕು. ತೊಟ್ಟಿಯ ನೀರಿಗೆ ಅವ್ವನ ಕೈ ಬಿಟ್ಟು ಬೇರೆಯವರ ಕೈ ಇಳಿಯುವಂತಿಲ್ಲ. ಎತ್ತಿದ ಮೀನನ್ನು ಮತ್ತೆ ಅದೇ ತೊಟ್ಟಿಗೆ ಬಿಡುವಂತಿಲ್ಲ, ಬಿಟ್ಟರೆ ಉಳಿದವು ಕಚ್ಚಿ ಕೊಲ್ಲುತ್ತವೆ. ಮೀನು ಬಿಟ್ಟು ಓಡಿಹೋದವರ ಮನೆ ಮುಂದೆ ಉಪ್ಪುನೀರಿನ ಗಾಡಿ ನಿಲ್ಲುವುದಿಲ್ಲ. ನೀರು ಬದಲಾಗದಿದ್ದರೆ ಹದಿನೈದು ದಿನಕ್ಕೆ ಹೂವು ಮುದುಡುತ್ತದೆ, ತಿಂಗಳಿಗೆ ಮೀನು ತೇಲುತ್ತವೆ, ಆಮೇಲೆ ಮನೆಯೂ ಹೋಗುತ್ತದೆ. ಆದ್ದರಿಂದ ನಮ್ಮೂರಲ್ಲಿ ಓಡಿಹೋದವರು ಕಡಿಮೆ.

ಆ ಉಪ್ಪುನೀರಿನ ಗಾಡಿ ಹೊಡೆಯುತ್ತಿದ್ದವನೇ ಹೊನ್ನಪ್ಪ. ಒಂದು ದಿನದ ದಾರಿಯ ಕಡಲಿನಿಂದ ಪೀಪಾಯಿಗಳಲ್ಲಿ ನೀರು ತಂದು, ಹುಣ್ಣಿಮೆ ಅಮಾವಾಸ್ಯೆಗೆ ಪ್ರತಿ ತೊಟ್ಟಿಯ ಒಂದು ಕೊಡ ಹಳೆ ನೀರು ಇಳಿಸಿ ಹೊಸದು ತುಂಬುತ್ತಿದ್ದ. ಅವನು ನೀರಿಗೆ ಗಾಜಿನ ಬುರುಡೆ ತೇಲಿಬಿಟ್ಟು ಅದು ಎಷ್ಟು ಮುಳುಗಿತೆಂದು ನೋಡುವಾಗ, ಬೆಳಕಿಗೆ ಅಡ್ಡ ಬಾರದ ಹಾಗೆ ನಾನು ಪಕ್ಕದಲ್ಲಿ ನಿಲ್ಲುತ್ತಿದ್ದೆ. 'ಉಪ್ಪು ಸರಿಯಾಗೈತೆ' ಎಂದು ಅವನು ಹೇಳುತ್ತಿದ್ದುದು ನನಗೊಬ್ಬಳಿಗೇ ಎಂಬಂತೆ ಇರುತ್ತಿತ್ತು.

ಒಮ್ಮೆ ಕೇಳಿದೆ, "ಕಡಲಲ್ಲೂ ಮೀನು ಹಿಂಗೇ ಸಾಲಾಗಿ ಇರ್ತವಾ?"

"ಯಾರಿಗೊತ್ತು ಕಾತ್ಯಾಯಿನಿ! ನಾನು ತುಂಬ್ಕೊಳೋದು ಮೇಲಿನ ನೀರು. ಒಳಗಿಂದು ನೋಡಿಲ್ಲ," ಎಂದು ನಕ್ಕ.

ಸುಳ್ಳು ಹೇಳದ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವನನ್ನು ಮದುವೆಯಾಗಬೇಕೆಂದು ಆಸೆಪಟ್ಟೆ, ಅದನ್ನು ಹೇಳಲು ನನಗೆ ಈಗಲೂ ನಾಚಿಕೆಯಿಲ್ಲ. ಅವನೂ ಬಂದು ಅವ್ವನನ್ನು ಕೇಳಿದ. ಅವ್ವ ತೊಟ್ಟಿಯ ಅಂಚನ್ನು ಎರಡು ಬೆರಳಿನಿಂದ ತಟ್ಟಿ, "ನೀರು ಕದಡಿದೆ. ತಿಳಿಯಾಗ್ಲಿ, ನೋಡಾಣ," ಎಂದಳು. ಮರುವರ್ಷವೂ ಅದೇ, ಅದರ ಮರುವರ್ಷವೂ ಅದೇ. ನೀರು ಕನ್ನಡಿಯಂತಿರುವಾಗಲೂ ಅವ್ವನ ಕಣ್ಣಿಗೆ ಕದಡಿಯೇ ಇರುತ್ತಿತ್ತು.

ಆಗೆಲ್ಲ ಅಪ್ಪ ಹಿತ್ತಲಿಗೆ ಬರುತ್ತಿದ್ದ. ನಾನು ಪಾತ್ರೆ ಉಜ್ಜುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ತನ್ನ ಎಲೆಯಿಂದ ಉಳಿಸಿ ತಂದ ಚೂರು ಬೆಲ್ಲವನ್ನು ನನ್ನ ಬಾಯಿಗಿಟ್ಟು, "ಅಳಬ್ಯಾಡ ಮಗಾ. ನನ್ನ ಕೈಲಿದ್ದಿದ್ರೆ ಇವತ್ತೇ ಎತ್ತಿಕೊಡ್ತಿದ್ದೆ," ಎನ್ನುತ್ತಿದ್ದ. ಆ ಮಾತೊಂದನ್ನು ಹಿಡಿದುಕೊಂಡೇ ನಾನು ಮೂರು ವರ್ಷ ತಳ್ಳಿದೆ.

ಹಾಗಾಗಿ ಅಪ್ಪ ಅವ್ವನ ಮಣೆಯ ಮೇಲೆ ಕೂತ ದಿನ, ದುಃಖದ ನಡುವೆಯೂ ನನಗೆ ಆಸೆ ಚಿಗುರಿತು. ಅವನ ಕೈಗೆ ಈಗ ನೀರು ಬಂದಿತ್ತು. ಒಂದು ತಿಂಗಳು ಕಾದೆ. ಎರಡು ತಿಂಗಳು ಕಾದೆ. ಅಷ್ಟರಲ್ಲಿ ಅಪ್ಪನ ಮೈ ತುಂಬಿಕೊಂಡಿತು. ಹಿತ್ತಲಿಗೆ ಬರುವುದು ನಿಂತಿತು. ಬಡಿಸುವಾಗ ಸೌಟಿನ ಮಟ್ಟವನ್ನು ಅವ್ವ ನೋಡುತ್ತಿದ್ದ ಹಾಗೆಯೇ ಕತ್ತು ಓರೆ ಮಾಡಿ ನೋಡತೊಡಗಿದ. ಒಂದು ದಿನ ಅವನು ತೊಟ್ಟಿಯ ಅಂಚನ್ನು ಎರಡು ಬೆರಳಿನಿಂದ ತಟ್ಟಿದ್ದನ್ನೂ ಕಂಡೆ. ಕೊನೆಗೆ ಧೈರ್ಯ ಮಾಡಿ ಎದುರು ನಿಂತೆ.

"ಅಪ್ಪಾ... ಅವ್ವಾ, ನೀನು ಹಿತ್ತಲಲ್ಲಿ ಹೇಳ್ತಿದ್ದೆ."

ಅವನು ಬಹಳ ಹೊತ್ತು ಬೀಗದ ಕೈಗಳನ್ನು ಎಣಿಸಿದ. "ಹೇಳಿದ್ದೆ. ಇಲ್ಲ ಅನ್ನಲ್ಲ. ಮುಂದಿನ ಬೇಸಿಗೆ ಹುಣ್ಣಿಮೆಗೆ ಗಾಡಿ ಬಂದಾಗ ಮೂರನೇದನ್ನ ಎತ್ತಿಕೊಡ್ತೀನಿ," ಎಂದ.

ಮೂರನೆಯದೆಂದರೆ ನಾನು. ಅವ್ವ ಹೋದ ಮೇಲೆ ಅಪ್ಪ ಒಂದು, ಭುಜಂಗ ಎರಡು, ನಾನು ಮೂರು, ಸುನಂದೆ ನಾಲ್ಕು. ನಮ್ಮೂರಲ್ಲಿ ಮೀನಿಗೆ ಗುರುತು ಹಾಕುವುದಿಲ್ಲ. ಸಾಲೇ ಗುರುತು. ಇದು ಸರಿಯಾದ ಕ್ರಮವೆಂದು ನಾನೂ ನಂಬಿದ್ದೆ.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಮೀನಿಗೆ ತಿನ್ನಿಸುವುದು ನನ್ನ ಕೆಲಸ. ಕೈ ನೀರಿಗೆ ತಾಗುವಂತಿಲ್ಲವಾದ್ದರಿಂದ ಪಪ್ಪಾಯಿ ಎಲೆಯ ಟೊಳ್ಳು ದಂಟಿನೊಳಗೆ ಒಣಸಿಗಡಿ ಪುಡಿ ತುಂಬಿ, ತುದಿಯನ್ನು ನೀರಿಗಿಳಿಸಿ ಮೆಲ್ಲಗೆ ಊದುತ್ತಿದ್ದೆ. ಸುನಂದೆಯ ಮೀನು ಕಡ್ಡಿಯಂತಾಗಿತ್ತು. ಹೂವಿನ ಹಿಂಬದಿಯಲ್ಲಿ ಅಡಗಿಕೊಂಡು, ಉಳಿದವು ಬಿಟ್ಟದ್ದನ್ನು ಹೆದರಿ ಹೆದರಿ ಕಚ್ಚುತ್ತಿತ್ತು. ಸುನಂದೆಯೂ ಹಾಗೆಯೇ. ನಾಲ್ಕೂ ಜನರ ಬಟ್ಟೆ ಒಗೆಯುವವಳು ಅವಳೇ, ಬೈಸಿಕೊಳ್ಳುವವಳೂ ಅವಳೇ. ನಾನು ಹೊರಟುಹೋದ ಮೇಲೆ ಅವಳಿಗೆ ಯಾರು ಗತಿ ಎಂದು ಸಂಕಟವಾಯಿತು. ನನ್ನ ಖುಷಿಯಲ್ಲಿ ಅವಳಿಗೂ ಒಂದು ಪಾಲು ಕೊಡೋಣವೆನ್ನಿಸಿ, ದಂಟನ್ನು ಹೂವಿನ ಹಿಂದಕ್ಕೆ ಚಾಚಿ, ದಿನವೂ ಅವಳ ಮೀನಿನ ಬಾಯಿಗೇ ಒಂದು ಚಿಟಿಕೆ ಹೆಚ್ಚು ಊದಿದೆ.

ಮೂರು ತಿಂಗಳಲ್ಲಿ ಅದು ತುಂಬಿಕೊಂಡಿತು. ಬಾಲದ ಹತ್ತಿರದ ಅದರ ಪಟ್ಟೆ ನಡುವೆ ಮುರಿದಿತ್ತು, ತಿನ್ನಿಸುವವಳಾದ್ದರಿಂದ ನನಗೆ ಗೊತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ನನ್ನ ಮೀನು ಅದರ ಮುಂದೆ ಓರೆಯಾಗಿ ಮಲಗಿ ಮೈ ನಡುಗಿಸುತ್ತಿದೆ. ಸಣ್ಣದು ದೊಡ್ಡದಕ್ಕೆ ತಲೆಬಾಗುವ ರೀತಿ ಅದು. ನನಗೆ ನಗು ಬಂತು. ಪಾಪ, ಎರಡು ದಿನ ದೊಡ್ಡವಳಾಗಿರಲಿ ಎಂದುಕೊಂಡೆ. ಮನೆಯ ಸಾಲು ಬೇರೆ, ತೊಟ್ಟಿಯ ಸಾಲು ಬೇರೆ ಎಂದು ಆ ಗಳಿಗೆಯಲ್ಲಿ ನನಗೇಕೆ ಅನ್ನಿಸಿತೋ ತಿಳಿಯದು. ಹುಟ್ಟಿದಾಗಿನಿಂದ ಆ ಊರಲ್ಲೇ ಇದ್ದವಳು ನಾನು.

ಹುಣ್ಣಿಮೆಯ ಮಧ್ಯಾಹ್ನ ಗಾಡಿ ನಿಂತಿತು. ಹೊನ್ನಪ್ಪ ಹೊಸ ಅಂಗಿ ಹಾಕಿದ್ದ, ಕೈಯಲ್ಲಿ ಹೊಸ ಗಡಿಗೆ. ಅಪ್ಪ ಬೆರಳಿನ ತಾಮ್ರದ ಉಂಗುರ ತೆಗೆದಿಟ್ಟ, ತಾಮ್ರ ಸೋಕಿದ ನೀರಿನಲ್ಲಿ ಮೀನು ಬದುಕುವುದಿಲ್ಲ. ಅಂಗಿಯ ತೋಳು ಮಡಚಿ ಕೈಯನ್ನು ನೀರಿಗಿಳಿಸಿದ. ಹೂವು ಅವನ ಕೈಗೆ ಇನ್ನೂ ಹೊಸದು, ಚುರುಕ್ಕೆನ್ನಿಸಿರಬೇಕು, ಹುಬ್ಬು ಗಂಟಿಕ್ಕಿದ. ದೊಡ್ಡದು, ಅದರ ಕೆಳಗಿನದು, ಅದರ ಕೆಳಗಿನದು ಎಂದು ಕಣ್ಣಲ್ಲೇ ಎಣಿಸಿ, ಬೊಗಸೆ ಮಾಡಿ ಎತ್ತಿದ. ಆ ಬೊಗಸೆಯಲ್ಲಿ ಮುರಿದ ಪಟ್ಟೆಯನ್ನು ನಾನು ಕಂಡೆ.

ಕಂಡು ಸುಮ್ಮನಿದ್ದೆ. ಇದನ್ನು ಮುಚ್ಚಿಟ್ಟು ಕಥೆ ಹೇಳಬಹುದಿತ್ತು, ಹೇಳಲಾರೆ. ಎತ್ತಿದ್ದು ನನ್ನ ಮೀನೆಂದೇ ಎಲ್ಲರೂ ತಿಳಿದಿದ್ದರು. ತಂಗಿಯ ಮೀನನ್ನು ಹೊತ್ತುಕೊಂಡು ನಾನು ಹೋಗಿಬಿಡುತ್ತೇನೆ, ನನ್ನ ಮೀನು ಅವಳ ಹೆಸರಿನಲ್ಲಿ ಇಲ್ಲಿ ಇರಲಿ, ಯಾರಿಗೆ ಗೊತ್ತಾಗಬೇಕು ಎಂದುಕೊಂಡೆ. ಗಡಿಗೆಯೊಳಗೆ ಮೀನು ಬಿದ್ದ ಸದ್ದು ಕೇಳಿತು. ಬಾಗಿಲ ಬಳಿ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದ ಸುನಂದೆ ಬುಟ್ಟಿಯನ್ನು ಕೆಳಗಿಟ್ಟಳು.

"ಅವ್ವಾ, ಅದು ನಂದು. ಬಾಲದ ಹತ್ರ ಪಟ್ಟೆ ಮುರಿದಿದೆ ನೋಡು."

ಅಷ್ಟು ವರ್ಷದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಅಪ್ಪ ಗಡಿಗೆಯೊಳಗೆ ಬಗ್ಗಿ ನೋಡಿದ. ಭುಜಂಗ ನೋಡಿದ. ಹೊನ್ನಪ್ಪ, "ಅಲ್ಲ, ನಾನು ಕೇಳಿದ್ದು ಕಾತ್ಯಾಯಿನೀನ..." ಎಂದು ತೊದಲಿದ.

"ಗಡಿಗೇಲಿರೋದು ಯಾರದು?" ಎಂದ ಅಪ್ಪ.

ಹೊನ್ನಪ್ಪ ನನ್ನ ಕಡೆ ನೋಡಿದ, ಗಾಡಿಯ ಕಡೆ ನೋಡಿದ. ಈ ಮನೆಯ ಮಾತು ಮೀರಿದರೆ ಇಡೀ ಊರಿನ ಬಾಗಿಲು ಅವನ ಗಾಡಿಗೆ ಮುಚ್ಚುತ್ತಿತ್ತು. ಹೆಗಲ ಮೇಲಿನ ಬಟ್ಟೆ ತೆಗೆದು ಗಡಿಗೆಯ ಬಾಯಿಗೆ ಕಟ್ಟಿದ. ಗಂಟು ಎಷ್ಟು ನೀಟಾಗಿತ್ತೆಂದರೆ, ಆ ಕೈಗಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಾನು ಅಪ್ಪನ ಕಾಲು ಹಿಡಿದುಕೊಂಡೆ. "ನಂದನ್ನೂ ಎತ್ತು. ಅವಳು ಬೇಕಾದ್ರೆ ಬೇರೆ ಕಡೆ ಹೋಗ್ಲಿ. ನಂದನ್ನೂ ಎತ್ತಿಕೊಡು, ನಿನ್ನ ದಮ್ಮಯ್ಯ!"

ಅವನು ತೋಳಿನ ನೀರನ್ನು ಪಂಚೆಗೆ ಒರೆಸಿಕೊಂಡ, ಉಂಗುರ ಹಾಕಿಕೊಂಡ, ತೊಟ್ಟಿಯ ಅಂಚನ್ನು ಎರಡು ಬೆರಳಿನಿಂದ ತಟ್ಟಿದ. "ನೀರು ಕದಡಿದೆ. ತಿಳಿಯಾಗ್ಲಿ, ನೋಡಾಣ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಊರವರು ನನ್ನ ಬಗ್ಗೆ ಆಡಿಕೊಂಡರು. ತುತ್ತು ಮಾಡಿ ಇನ್ನೊಬ್ಬರ ಬಾಯಿಗಿಟ್ಟವಳು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ಅಪ್ಪ ದಿನವೂ ತೊಟ್ಟಿಯ ಎದುರೇ ಕೂರುತ್ತಿದ್ದವನು. ಸಾಲು ಬದಲಾದದ್ದು ಅವನಿಗೆ ತಿಳಿದಿತ್ತೇ, ಕೊಟ್ಟ ಮಾತನ್ನು ಉಳಿಸಿಕೊಂಡೂ ಕೆಲಸದವಳನ್ನು ಉಳಿಸಿಕೊಳ್ಳುವ ಉಪಾಯ ಹೂಡಿದನೇ? ಕೇಳುವ ಧೈರ್ಯ ನನಗೆ ಬರಲಿಲ್ಲ. ಗಾಡಿ ಹತ್ತುವ ಮುಂಚೆ ಸುನಂದೆ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು, "ಅವನು ಅಂತಲ್ಲ ಕಣೇ, ಯಾರಾದ್ರೂ ಆಗ್ತಿತ್ತು. ನೀನಾಗಿದ್ರೂ ಇದನ್ನೇ ಮಾಡ್ತಿದ್ದೆ." ಮುರಿದ ಪಟ್ಟೆ ಕಂಡೂ ನಾನು ಆಗಲೇ ಅದನ್ನೇ ಮಾಡುತ್ತಿದ್ದೆನೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಆ ಮಾತು ಇನ್ನೂ ಉರಿಯುತ್ತದೆ.

ಅವಳು ಹೋದ ಮೇಲೆ ಬಟ್ಟೆಯೂ ನನ್ನ ಪಾಲಿಗೆ ಬಂತು. ಆ ಬುಟ್ಟಿಯಲ್ಲಿ ಬಿಟ್ಟಿದ್ದ ಒದ್ದೆ ಬಟ್ಟೆಯನ್ನು ಅವತ್ತೇ ಒಣಹಾಕಿದೆ. ಹೊನ್ನಪ್ಪ ನಮ್ಮ ಬೀದಿಯ ಕೆಲಸವನ್ನು ಬೇರೆಯವನಿಗೆ ಒಪ್ಪಿಸಿದ. ಕೆಲವು ದಿನವಾದ ಮೇಲೆ ಭುಜಂಗ ಹಿತ್ತಲಿಗೆ ಬರತೊಡಗಿದ. ಪಾತ್ರೆ ಉಜ್ಜುವ ಕಲ್ಲಿನ ಪಕ್ಕ ಕೂತು, ತನ್ನ ಎಲೆಯಿಂದ ಉಳಿಸಿದ ಬೆಲ್ಲದ ಚೂರು ಕೊಟ್ಟು, "ನನ್ನ ಕೈಲಿದ್ದಿದ್ರೆ ಹಿಂಗಾಗಕ್ಕೆ ಬಿಡ್ತಿರ್ಲಿಲ್ಲ ಕಾತಿ," ಎಂದ. ಬೆಲ್ಲವನ್ನು ಬೂದಿಯ ಜೊತೆ ಬೆರೆಸಿ ಪಾತ್ರೆ ಉಜ್ಜಿದೆ.

ಒಂಬತ್ತು ವರ್ಷಕ್ಕೆ ಅಪ್ಪ ಹೋದ. ಭುಜಂಗ ಅವ್ವನಾದ, ನಾನು ಅಪ್ಪನಾದೆ. ನನಗೆ ಮೊದಲ ಸಲ ತುಂಬಿದ ಸೌಟು ಸಿಕ್ಕಿತು. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿಹೋಯಿತು, ಉಳಿದದ್ದನ್ನು ಎದುರಿಗಿಟ್ಟುಕೊಂಡು ಅತ್ತೆ. ನಲವತ್ತೈದು ವರ್ಷ ಅರ್ಧ ಸೌಟು ಉಂಡ ಹೊಟ್ಟೆ ಅದು, ಹಿಗ್ಗುವುದನ್ನೇ ಮರೆತಿತ್ತು. ಮತ್ತೆ ಹನ್ನೆರಡು ವರ್ಷಕ್ಕೆ ಭುಜಂಗನೂ ಹೋದ. ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಮನೆಯಲ್ಲಿ ಒಬ್ಬಳೇ ಅವ್ವ, ತೊಟ್ಟಿಯಲ್ಲಿ ಒಂದೇ ಮೀನು. ಅದು ಒಂದೇ ವರ್ಷದಲ್ಲಿ ಅಂಗೈಯಷ್ಟು ಬೆಳೆಯಿತು. ಈಗ ನನ್ನ ಕೈ ನೀರಿಗಿಳಿಯಬಹುದಿತ್ತು. ನನ್ನ ಮೀನನ್ನು ನಾನೇ ಎತ್ತಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಎಲ್ಲಿಗೆ ಎಂಬುದು ಹೊಳೆಯಲಿಲ್ಲ.

ಕಳೆದ ಬೇಸಿಗೆಯಲ್ಲಿ ಉಪ್ಪುನೀರಿನ ಗಾಡಿಯಿಂದ ಒಬ್ಬಳು ಇಳಿದಳು. ತಲೆ ಬೆಳ್ಳಗಾಗಿತ್ತು, ಕಂಕುಳಲ್ಲಿ ಬಟ್ಟೆ ಕಟ್ಟಿದ ಗಡಿಗೆ. ಹೊನ್ನಪ್ಪ ಜ್ವರದಲ್ಲಿ ತೀರಿಕೊಂಡನಂತೆ. ಮಕ್ಕಳಾಗಿರಲಿಲ್ಲ. ನೀರು ನೋಡಿಕೊಳ್ಳುವವರಿಲ್ಲದೆ ಅವರ ಕಡಲಹೂವು ಕರಗಿ ಲೋಳೆಯಾಗಿ, ಇದೊಂದು ಮೀನು ಮಾತ್ರ ಉಳಿಯಿತಂತೆ. ಇದನ್ನೆಲ್ಲ ಹೊಸಿಲಾಚೆ ನಿಂತೇ ಹೇಳಿದ ಸುನಂದೆ, ಕೊನೆಗೆ, "ಅವ್ವಾ, ಒಳಗೆ ಬರ್ಲಾ?" ಎಂದಳು. ಅಕ್ಕ ಎನ್ನಲಿಲ್ಲ.

ಬಾ ಎಂದೆ. ಹೊನ್ನಪ್ಪ ಸತ್ತನೆಂಬ ಮಾತು ನನ್ನೊಳಗೆ ಎಲ್ಲೂ ತಾಗದೆ ಹೋದದ್ದು ನನಗೇ ಆಶ್ಚರ್ಯವಾಯಿತು.

ಎತ್ತಿದ ಮೀನನ್ನು ಅದೇ ತೊಟ್ಟಿಗೆ ಬಿಡುವಂತಿಲ್ಲ ನಿಜ, ಆದರೆ ಬೇರೆ ಮನೆಯ ತೊಟ್ಟಿ ಕಂಡು ಬಂದದ್ದು ಹೊಸ ಮೀನೆಂದೇ ಲೆಕ್ಕ. ಹಳೆ ಮೀನಿರುವ ತೊಟ್ಟಿಗೆ ಹೊಸತನ್ನು ಬಿಡುವಾಗ ಒಂದು ಕ್ರಮವಿದೆ, ಊರಿನ ಕೂಸಿಗೂ ಗೊತ್ತು. ಮೊದಲು ಕಲ್ಲುಗಳನ್ನೆಲ್ಲ ತಿರುವಿ ಹಾಕಬೇಕು, ಹೂವಿನ ಕಲ್ಲನ್ನೂ ಬೇರೆ ಮೂಲೆಗೆ ಸರಿಸಬೇಕು, ಒಂದು ದಿನ ತೊಟ್ಟಿಗೆ ಕಂಬಳಿ ಹೊದಿಸಬೇಕು. ಆಗ ಹಳೆ ಮೀನಿಗೆ ತನ್ನ ಜಾಗ ಯಾವುದೆಂದು ಮರೆತುಹೋಗುತ್ತದೆ. ಕಂಬಳಿ ತೆಗೆದಾಗ ಎರಡೂ ಹೊಸಬರು, ಎರಡೂ ಒಟ್ಟಿಗೆ ಹೂವು ಸೇರುತ್ತವೆ. ಹೂವು ಸೇರಿದ ರಾತ್ರಿಯಿಂದ ಹೊಸಬಳು ಮನೆಯ ಅಪ್ಪ, ತುಂಬಿದ ಸೌಟು. ಹೂವು ಸೇರುವವರೆಗೆ ಮಗು.

ನಾನು ಕಲ್ಲುಗಳನ್ನು ಮುಟ್ಟಲಿಲ್ಲ. ಗಡಿಗೆಯನ್ನು ಹಾಗೆಯೇ ಬಗ್ಗಿಸಿದೆ. ಮುರಿದ ಪಟ್ಟೆಯ ಮೀನು ಹೂವಿನ ಕಡೆ ಹೋಯಿತು. ನನ್ನದು ಎಸಳುಗಳ ನಡುವಿನಿಂದ ನುಗ್ಗಿ ಬಂದು ಅದರ ರೆಕ್ಕೆ ಹರಿಯಿತು. ಅದು ಮೂಲೆಗೆ ಹೋಗಿ, ಕಲ್ಲೊಂದರ ಹಿಂದೆ ಓರೆಯಾಗಿ ಮಲಗಿ ಮೈ ನಡುಗಿಸಿತು. ನನ್ನ ಪಕ್ಕದಲ್ಲಿ ಸುನಂದೆಯ ಉಸಿರು ಕೇಳುತ್ತಿತ್ತು.

ಇದಾಗಿ ನಾಲ್ಕು ತಿಂಗಳು. ಅದು ಈಗಲೂ ಆ ಕಲ್ಲಿನ ಹಿಂದೆಯೇ ಮಲಗುತ್ತದೆ. ಸುನಂದೆ ಬಟ್ಟೆ ಒಗೆಯುತ್ತಾಳೆ, ಪಾತ್ರೆ ಉಜ್ಜುತ್ತಾಳೆ. ನಾನು ಹಿತ್ತಲಿಗೆ ಹೋಗುವುದಿಲ್ಲ. ಅಲ್ಲಿ ಯಾರಿಗೂ ಬೆಲ್ಲ ಕೊಡುವುದಿಲ್ಲ, ಯಾರಿಗೂ ಸುಳ್ಳು ಹೇಳುವುದಿಲ್ಲ. ಈ ವಂಶದಲ್ಲಿ ಅಷ್ಟಾದರೂ ನೆಟ್ಟಗಿರುವವಳು ನಾನೊಬ್ಬಳು ಎಂದು ಕೆಲವೊಮ್ಮೆ ಹೆಮ್ಮೆಯೂ ಆಗುತ್ತದೆ. ಅವಳು ದಿನವೂ ಬೆಳಿಗ್ಗೆ ತೊಟ್ಟಿಯ ಆಚೆ ಬದಿ ನಿಂತು ಕಲ್ಲುಗಳನ್ನು ನೋಡುತ್ತಾಳೆ, ಆಮೇಲೆ ನನ್ನನ್ನು. ಏನೂ ಕೇಳುವುದಿಲ್ಲ. ಕೇಳಬೇಕೆಂದೇ ನಾನು ಕಾಯುತ್ತಿದ್ದೆನೇನೋ.

ಇವತ್ತು ತೊಟ್ಟಿಯ ಆಚೀಚೆ ಊಟಕ್ಕೆ ಕೂತಾಗ ಕೇಳಿದಳು. ಸಾರಿನ ಸೌಟನ್ನು ನಾನು ತುಂಬಿ ಎತ್ತಿದ್ದೆ. ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ನೋಡುವವರು ಯಾರೂ ಇರಲಿಲ್ಲ.

"ಅವ್ವಾ, ಕಲ್ಲು ಒಂದ್ಸಲ ತಿರುವಿ ಹಾಕಿದ್ರೆ ಆಗ್ತಿತ್ತಲ್ಲ?"

ಸೌಟಿನಿಂದ ಅರ್ಧವನ್ನು ಪಾತ್ರೆಗೆ ವಾಪಸು ಸುರಿದು, ಉಳಿದದ್ದನ್ನು ಅವಳಿಗೆ ಬಡಿಸಿದೆ. ಎಡಗೈ ತಾನಾಗಿಯೇ ಹೋಗಿ ತೊಟ್ಟಿಯ ಅಂಚನ್ನು ಎರಡು ಬೆರಳಿನಿಂದ ತಟ್ಟಿತು.

"ನೀರು ಕದಡಿದೆ," ಎಂದೆ. "ತಿಳಿಯಾಗ್ಲಿ, ನೋಡಾಣ."

ಸುನಂದೆ ಹೂಂ ಎಂದು ತಲೆ ತಗ್ಗಿಸಿ ಉಣ್ಣತೊಡಗಿದಳು. ಹೆಂಚಿನ ಬಿಸಿಲು ತೊಟ್ಟಿಯ ತಳದವರೆಗೂ ಇಳಿದಿತ್ತು, ನೀರಿನಾಚೆ ಅವಳ ನೆತ್ತಿಯ ಬಿಳಿಗೂದಲನ್ನು ನಾನು ಕೂತಲ್ಲಿಂದಲೇ ಒಂದೊಂದಾಗಿ ಎಣಿಸಬಹುದಿತ್ತು.